ಒರಳಿಗೊಂದು ಹಿಡಿ

ಇಪ್ಪತ್ತೊಂದನೆಯ ಇಲಿ ಮತ್ತೆ ಹೇತಿತು. ಯಶೋಧರಾ ಗೋಡೆ ಗಡಿಯಾರ ನೋಡಿ, ಹತ್ತು ಇಪ್ಪತ್ತು ಎಂದು ಬರೆದು, ಅದರ ಮುಂದೆ ಒಂದು ಗೀಟು ಎಳೆದಳು. ಪಂಜರದ ಕೆಳಗೆ ಹಾಸಿದ್ದ ಬಿಳಿ ಹೀರುಕಾಗದದ ಮೇಲೆ ಹಳದಿ ಕಲೆ ನಿಧಾನವಾಗಿ ಅಗಲವಾಗುತ್ತಿತ್ತು. ಇದು ಹೇಲಬಾರದಿತ್ತು. ಬೆಳಿಗ್ಗೆ ಇದಕ್ಕೆ ಮರಸೌತೆ ತೊಗಟೆಯ ಸಾರವನ್ನು ಧಾರಾಳವಾಗಿಯೇ ಕುಡಿಸಿ, ಒಂದು ಗಂಟೆ ಬಿಟ್ಟು ಹರಳೆಣ್ಣೆ ಕುಡಿಸಿದ್ದಳು. ಹರಳೆಣ್ಣೆ ಭೇದಿ ತರಿಸುತ್ತದೆ, ತೊಗಟೆ ಅದನ್ನು ತಡೆಯಬೇಕು, ಎಷ್ಟು ತಡೆಯಿತೆಂದು ನಾಲ್ಕು ಗಂಟೆ ಕೂತು ಎಣಿಸುವುದು ಅವಳ ಕೆಲಸ. ಮೂರು ತಿಂಗಳ ಹಿಂದೆ ಇದೇ ಹಾಸನದ ಕಾಲೇಜಿನ, ಇದೇ ಇಲಿಮನೆಯಲ್ಲಿ, ಮೊದಲ ಸಲ ಈ ಪರೀಕ್ಷೆ ಮಾಡಿದಾಗ ತೊಗಟೆ ಕುಡಿದ ಇಲಿಗಳ ಕಾಗದ ಒಗೆದು ಒಣಹಾಕಿದ ಪಂಚೆಯ ಹಾಗೆ ಬೆಳ್ಳಗೆ ಉಳಿದಿತ್ತು. ಅವಳ ಮಾರ್ಗದರ್ಶಕರಾದ ಸಂಪತ್ಕುಮಾರ ಸರ್ ಆ ಕಾಗದಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿ, ‘ಎಷ್ಟು ಸ್ವಚ್ಛ, ಎಷ್ಟು ಸ್ವಚ್ಛ’ ಎಂದಿದ್ದರು. ಇವತ್ತು ಬರೀ ನೀರು ಕುಡಿದ ಇಲಿಗೂ ತೊಗಟೆ ಕುಡಿದ ಇಲಿಗೂ ವ್ಯತ್ಯಾಸವೇ ಇಲ್ಲ. ಎಲ್ಲವೂ ಒಂದೇ ಮನೆಯವರಂತೆ ಹೇಲುತ್ತಿದ್ದವು.

ಹಾಸ್ಟೆಲಿನಲ್ಲಿ ಅವಳ ಕೆಲಸ ಎಲ್ಲರಿಗೂ ತಮಾಷೆ. ‘ಯಶೋ, ಇವತ್ತು ಎಷ್ಟು ಎಣಿಸಿದೆ?’ ಎಂದು ಊಟದ ಹೊತ್ತಿನಲ್ಲಿ ಸಹಪಾಠಿ ರಂಜಿತಾ ಕೇಳುವಳು, ಉಳಿದವರು ತಟ್ಟೆ ಮುಂದಿಟ್ಟುಕೊಂಡು ಮೂಗು ಮುಚ್ಚಿ ನಗುವರು. ಇವಳೂ ನಗುತ್ತಿದ್ದಳು. ನಗದಿದ್ದರೆ, ಬೇರೆ ಯಾರಾದರೂ ಈ ಕೆಲಸ ಮಾಡಿದ್ದರೆ ಹೀಗೆಯೇ ನಗುತ್ತಿದ್ದಿರಾ ಎಂದು ಕೇಳಬೇಕಾಗುತ್ತಿತ್ತು, ಕೇಳಿದರೆ ಅವರು ನಿಜಕ್ಕೂ ಬೇಜಾರು ಮಾಡಿಕೊಳ್ಳುತ್ತಿದ್ದರು. ಹೊಟ್ಟೆಯ ವಿಷಯವನ್ನು ಅವಳು ಯಾರ ಹತ್ತಿರವೂ ಆಡುವುದಿಲ್ಲ. ಹಳೇಕೋಟೆಯ ಶಾಲೆಯಲ್ಲಿ ಮೂರನೇ ಕ್ಲಾಸಿನಲ್ಲಿದ್ದಾಗ ಮಗ್ಗಿ ಒಪ್ಪಿಸುತ್ತಾ ನಿಂತಲ್ಲೇ ಭೇದಿಯಾಗಿ ಲಂಗ ಒದ್ದೆಯಾಗಿತ್ತು. ಹದಿಮೂರರ ಮಗ್ಗಿ, ಆರನೆಯ ಸಾಲು. ಮೇಷ್ಟ್ರು ಬಯ್ಯಲಿಲ್ಲ. ಅವಳನ್ನು ಹೊರಗೆ ಹುಣಸೆಮರದ ಕೆಳಗೆ ನಿಲ್ಲಿಸಿ, ತಮ್ಮ ಕೈ ತಾಗದ ಹಾಗೆ ಚೊಂಬನ್ನು ಎತ್ತರಕ್ಕೆ ಹಿಡಿದು ಮೇಲಿನಿಂದ ನೀರು ಸುರಿದಿದ್ದರು. ಆ ನೀರು ಬಿದ್ದ ಎತ್ತರ ಇನ್ನೂ ಅವಳ ನೆತ್ತಿಯಲ್ಲಿದೆ. ಹೊಲದಿಂದ ಓಡಿಬಂದ ಅವ್ವ ಲಕ್ಷ್ಮಿದೇವಮ್ಮ ಒಂದು ಮಾತೂ ಆಡದೆ, ಎಲ್ಲ ಮೆತ್ತಿಕೊಂಡಿದ್ದ ಮಗಳನ್ನು ಹಾಗೇ ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು ಊರ ನಡುವಿನ ದಾರಿಯಲ್ಲೇ ಹೋಗಿದ್ದಳು. ಹಿತ್ತಿಲ ದಾರಿ ಇತ್ತು, ಆ ದಾರಿಯಲ್ಲಿ ಹೋಗಲಿಲ್ಲ.

ಹತ್ತು ಮುಕ್ಕಾಲಿಗೆ ಅಟೆಂಡರ್ ಸಿದ್ದೇಶ್ವರ ಹೊಸ ಕಾಗದ ತಂದು, ಕಲೆಗಳನ್ನು ನೋಡಿ ತಲೆ ಆಡಿಸಿದ. ಇದು ಹೊಸ ಪುಡಿಯಲ್ಲವೆ, ಮಿಲ್ ರಿಪೇರಿ ಆದ ಮೇಲೆ ಬೀಸಿದ ಮೊದಲ ಪುಡಿ ಎಂದು, ತನಗೆ ಗೊತ್ತಿರುವುದನ್ನು ತೋರಿಸುವುದಕ್ಕೆಂದೇ ಹೇಳಿ ಹೋದ. ಅವಳ ಪೆನ್ನು ಅಲ್ಲೇ ನಿಂತಿತು. ಮರ ಅದೇ: ಅರಕಲಗೂಡಿನ ಹಳೆಯ ಬಂಗಲೆಯೊಂದರ ಕಾಂಪೌಂಡಿನಲ್ಲಿ, ಯಾವ ಕಾಲದಲ್ಲೋ ಯಾರೋ ಅಂದಕ್ಕೆಂದು ನೆಟ್ಟ ಆಫ್ರಿಕಾದ ಮರ. ಮೊಳದುದ್ದದ ಕಾಯಿಗಳು ಹಗ್ಗಕ್ಕೆ ಕಟ್ಟಿದಂತೆ ಜೋತಾಡುವುದರಿಂದ ಸುತ್ತಲಿನವರು ಅದನ್ನು ಮರಸೌತೆ ಎನ್ನುತ್ತಾರೆ, ತಲೆ ಮೇಲೆ ಬಿದ್ದೀತೆಂದು ಅದರ ಕೆಳಗೆ ಆಟೋ ನಿಲ್ಲಿಸುವುದಿಲ್ಲ. ಆಫ್ರಿಕಾದಲ್ಲಿ, ಆ ಮರದ ಸ್ವಂತ ನೆಲದಲ್ಲಿ, ಹೆಂಗಸರು ತೊಗಟೆಯ ಕಷಾಯವನ್ನು ಭೇದಿಗೆ ಕೊಡುತ್ತಾರೆಂದು ಓದಿ ಅವಳು ಈ ವಿಷಯ ಹಿಡಿದಿದ್ದಳು. ತೊಗಟೆಯೂ ಒಂದೇ ದಿನ, ಒಂದೇ ಕೊಂಬೆಯಿಂದ ಕೆತ್ತಿದ್ದು. ಬೇರೆಯಾಗಿದ್ದು ಪುಡಿ ಮಾಡಿದ ರೀತಿ ಮಾತ್ರ. ಮೊದಲ ಸಲ ಕಾಲೇಜಿನ ಮಿಲ್ಲಿನ ಮೋಟಾರು ಸುಟ್ಟುಹೋಗಿತ್ತು. ‘ನಿಮ್ಮನೇಲಿ ಒರಳು ಇರಬೇಕಲ್ಲ, ಕುಟ್ಟಿಸಿಕೊಂಡು ಬಾ’ ಎಂದಿದ್ದರು ಸರ್. ಎಲ್ಲರ ಮನೆಯಲ್ಲೂ ಮಿಕ್ಸಿ ಇರುವ ಕಾಲದಲ್ಲಿ ತನ್ನ ಮನೆಯಲ್ಲಿ ಒರಳು ಇರಲೇಬೇಕೆಂದು ಇವರಿಗೆ ಹೇಗೆ ಅನಿಸಿತು ಎಂದು ಅವಳು ಒಂದು ವಾರ ಉರಿದುಕೊಂಡಿದ್ದಳು. ಇನ್ನೂ ಉರಿಯುವ ಸಂಗತಿಯೆಂದರೆ, ಒರಳು ಇತ್ತು.

ಸಿದ್ದೇಶ್ವರನನ್ನು ಕರೆದು ಐದು ನಿಮಿಷ ಪಂಜರಗಳ ಮುಂದೆ ಕೂರಿಸಿ, ಬಾಗಿಲಾಚೆ ಹೋಗಿ ಊರಿಗೆ ಫೋನ್ ಮಾಡಿದಳು. ಅವ್ವ ಯಾರದೋ ಹೊಲದಲ್ಲಿ ಶುಂಠಿ ಕೀಳುತ್ತಿದ್ದಳು, ಸುತ್ತ ಹೆಂಗಸರ ಮಾತು ಕೇಳುತ್ತಿತ್ತು. ಆವತ್ತು ಕುಟ್ಟಿದ ತೊಗಟೆಗೆ ಬೇರೆ ಏನಾದರೂ ಹಾಕಿದ್ದೆಯಾ ಎಂದು ಕೇಳಿದಳು.

‘ಇನ್ನೇನ್ ಆಕ್ತಾರೆ, ದಾಳಿಂಬ್ರೆ ಸಿಪ್ಪೆ ಆಕ್ದೆ. ಒಣಗಿಸಿ ಮಡಗಿದ್ನಲ್ಲ. ಒರಳ್ಗೊಂದ್ ಇಡಿ,’ ಎಂದಳು ಅವ್ವ. ‘ಒಂಟಿ ತೊಗಟೆ ಯಾರಾದ್ರೂ ಕೊಟ್ಟಾರಾ? ಒಟ್ಟೆ ಇಡ್ಕಳಲ್ವ? ಶುಂಠಿ ಕೀಳಾಕ್ ಬಂದಿವ್ನಿ, ಆಮೇಕ್ ಮಾಡವ್ವ.’

ಮೊದಲು ನಗು ಬಂತು. ಆಮೇಲೆ, ಮೊದಲ ಸಲದ ಕಾಗದಗಳು ಯಾತರಿಂದ ಬೆಳ್ಳಗಿದ್ದವೆಂದು ಹೊಳೆಯಿತು. ಒಳಗೆ ಬಂದು ಕೂತು, ಎಣಿಸುವುದನ್ನು ಮುಂದುವರಿಸಿದಳು, ಏನೇ ಆದರೂ ಎಣಿಕೆ ತಪ್ಪಬಾರದು. ಆ ಮೊದಲ ಪರೀಕ್ಷೆಯ ಇಪ್ಪತ್ತನಾಲ್ಕು ಇಲಿಗಳಿಗೆ ಮಾರನೆಯ ವಾರ ಇದ್ದಿಲ ಪುಡಿ ನುಂಗಿಸಿ, ಕೊಂದು, ಕರುಳು ಬಿಡಿಸಿ, ಇದ್ದಿಲು ಎಲ್ಲಿಯವರೆಗೆ ಹೋಗಿದೆ ಎಂದು ಸ್ಕೇಲಿಟ್ಟು ಅಳೆದಿದ್ದಳು. ಆ ಭಾನುವಾರ ಊರಿಗೆ ಹೋಗಿದ್ದಾಗ ಅಪ್ಪ ಬೈರಯ್ಯ ಎಂದಿನಂತೆ ಬುದ್ಧನ ಪಟದ ಮುಂದೆ ಮನೆಯವರನ್ನೆಲ್ಲ ಕೂರಿಸಿ ಪಂಚಶೀಲ ಹೇಳಿಸಿದ್ದ. ಮೊದಲನೆಯದೇ ಜೀವ ತೆಗೆಯುವುದಿಲ್ಲ ಎಂಬುದು. ಅವಳು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ್ದಳು, ಅದೇ ಬೆರಳುಗಳನ್ನು ಜೋಡಿಸಿಕೊಂಡು. ಇಲಿಯ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ‘ಭೇದಿ ಔಷಧಿ, ಕಾಲೇಜಿಗೆ’ ಎಂದಷ್ಟೇ ಹೇಳಿ ತೊಗಟೆಯ ಚೀಲವನ್ನು ಅವ್ವನ ಮುಂದಿಟ್ಟಿದ್ದಳು. ಮನುಷ್ಯರ ಮಕ್ಕಳು ಉಳಿಯಲಿ ಎಂದಲ್ಲವೆ ಎಂದು ಅಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದಳು. ಈಗ ಅವು ಸತ್ತದ್ದು ಯಾತಕ್ಕೆ? ಅವ್ವನ ಡಬ್ಬಿಯಲ್ಲಿದ್ದ ದಾಳಿಂಬೆ ಸಿಪ್ಪೆಗೆ.

ಹನ್ನೆರಡೂವರೆಗೆ ಕಡೆಯ ಗೀಟು ಎಳೆದಳು. ಸೋಮವಾರ ಚನ್ನರಾಯಪಟ್ಟಣದಲ್ಲಿ ವಿಚಾರ ಸಂಕಿರಣ. ಮೊದಲ ಪರೀಕ್ಷೆಯ ಅಂಕಿಗಳನ್ನು ಅವಳು ಹತ್ತು ನಿಮಿಷದಲ್ಲಿ ಮಂಡಿಸಬೇಕು. ಸರ್ ಹೆಸರು, ಅವಳ ಹೆಸರು ಒಟ್ಟಿಗೆ ಅಚ್ಚಾಗಿರುವ ಸಾರಾಂಶ ಆಗಲೇ ಹೊರಗೆ ಬಂದಿದೆ. ಅದರಲ್ಲಿ ‘ತೊಗಟೆಯನ್ನು ಕಾಲೇಜಿನ ಮಿಲ್ಲಿನಲ್ಲಿ ಪುಡಿ ಮಾಡಲಾಯಿತು’ ಎಂದಿತ್ತು. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ತಿಳಿಸಿದರೆ ಒಂದು ವರ್ಷದ ಕೆಲಸ ಮಣ್ಣುಪಾಲು. ಅದನ್ನಾದರೂ ತಡೆದುಕೊಳ್ಳಬಹುದು. ಅವರಮ್ಮ ಒರಳಲ್ಲಿ ಕುಟ್ಟಿ ಏನೋ ಬೆರೆಸಿಬಿಟ್ಟಳಂತೆ ಎಂದು ರಂಜಿತಾ ಊಟದ ಹೊತ್ತಿಗೆ ಹೇಳುವುದನ್ನು ತಡೆದುಕೊಳ್ಳುವುದು ಹೇಗೆ? ಲ್ಯಾಬಿನಲ್ಲಿ ಸರ್ ಯಾವಾಗಲೂ ಬಳಸುವ ಮಾತು ಒಂದಿದೆ, ಕಂಟ್ಯಾಮಿನೇಷನ್, ಹೊರಗಿನದೇನೋ ತಾಗಿ ಕೆಡುವುದು. ಅವರು ಯಾರಿಗೆ ಹೇಳಲಿ, ಯಾವ ಬಾಟಲಿಯ ಬಗ್ಗೆ ಹೇಳಲಿ, ಅವಳು ತನ್ನ ಕೈಗಳನ್ನು ಒಮ್ಮೆ ನೋಡಿಕೊಳ್ಳುತ್ತಿದ್ದಳು. ಈಗಲೂ ನೋಡಿಕೊಂಡಳು, ನೋಡಿಕೊಂಡದ್ದಕ್ಕೆ ತನ್ನ ಮೇಲೆಯೇ ಎಲ್ಲಿಲ್ಲದ ಸಿಟ್ಟು ಬಂತು. ರೆಕಾರ್ಡ್ ಪುಸ್ತಕ ಎಳೆದುಕೊಂಡು, ಅಳಿಸಲಾಗದ ಶಾಯಿಯಲ್ಲಿ ಬರೆದಳು: ಮೊದಲ ಪರೀಕ್ಷೆಯ ತೊಗಟೆಯನ್ನು ಹಳೇಕೋಟೆಯ ಲಕ್ಷ್ಮಿದೇವಮ್ಮನವರು ಒರಳಿನಲ್ಲಿ ಕುಟ್ಟಿದ್ದಾರೆ, ಒರಳಿಗೊಂದು ಹಿಡಿಯಂತೆ ಒಣ ದಾಳಿಂಬೆ ಸಿಪ್ಪೆ ಸೇರಿಸಿದ್ದಾರೆ. ಕಾರಣ ಎಂದು ಬರೆದು, ಮುಂದೆ ಏನು ಬರೆಯಬೇಕೆಂದು ತಿಳಿಯದೆ ಎರಡು ಸಾಲು ಖಾಲಿ ಬಿಟ್ಟಳು. ಲ್ಯಾಬಿನ ಪುಟ್ಟ ತಕ್ಕಡಿಯನ್ನು ಸಹಿ ಮಾಡಿ ಪಡೆದು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು.

ಶನಿವಾರ ಸರ್ ಹೊಳೆನರಸೀಪುರದ ಮನೆಯಲ್ಲಿರುತ್ತಾರೆ, ದೇವಸ್ಥಾನದ ಬೀದಿಯಲ್ಲಿ. ಬಸ್ಸಿನುದ್ದಕ್ಕೂ ಅವಳು ಕಾಣದ ಒಬ್ಬ ಹೆಂಗಸಿನ ಬಗ್ಗೆ ಯೋಚಿಸುತ್ತಿದ್ದಳು. ಓದಿದ ಎಲ್ಲ ಲೇಖನಗಳಲ್ಲೂ ‘ಸ್ಥಳೀಯ ಮಹಿಳೆಯರು ಬಳಸುತ್ತಾರೆ’ ಎಂಬ ಒಂದು ಸಾಲು ಇರುತ್ತದೆ, ಯಾವ ಮಹಿಳೆ ಎಂದಿರುವುದಿಲ್ಲ. ಆ ಹೆಂಗಸು ಆಫ್ರಿಕಾದ ಯಾವುದೋ ಊರಿನಲ್ಲಿ ತೊಗಟೆ ಕುಟ್ಟುವಾಗ ಜೊತೆಗೆ ಇನ್ನೇನೋ ಒಂದು ಹಿಡಿ ಹಾಕುತ್ತಿದ್ದಿರಬಹುದು. ಅವಳೂ ಒಂಟಿ ತೊಗಟೆ ಕೊಡುವವಳಿರಲಿಕ್ಕಿಲ್ಲ. ಬಂದವರು ಮರ ಯಾವುದು ಎಂದು ಕೇಳಿ ಬರೆದುಕೊಂಡು ಹೋದರು, ಹಿಡಿಯನ್ನು ಯಾರೂ ಕೇಳಲಿಲ್ಲ. ತಾನೂ ಕೇಳಿರಲಿಲ್ಲ, ಅದೂ ಸ್ವಂತ ಅವ್ವನನ್ನು.

ಸರ್ ಹೆಂಡತಿ ಹಂಸ ಬಾಗಿಲು ತೆಗೆದು, ಬಾರಮ್ಮ ಎಂದು ನಡುಮನೆಗೇ ಕರೆದು ಕುರ್ಚಿ ಹಾಕಿದರು. ಕಾಫಿ ಬಂತು. ಸರ್ ಕೈಯಲ್ಲಿದ್ದಂಥದೇ ಲೋಟ, ಅದೇ ಅಂಚು, ಅದೇ ಹೊಳಪು. ತಾನು ಲೋಟವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆಂದು ಹಂಸ ಅವರಿಗೆ ತಿಳಿದುಬಿಟ್ಟಿತೆಂದು ಅವಳಿಗೆ ಅನಿಸಿ ಮುಖ ಬಿಸಿಯಾಯಿತು. ಅವಮಾನವಾಗಲೆಂದು ಕಾದು ಕೂತವಳಿಗೆ ಅದು ಸಿಗದೆ ಹೋದಾಗ ಎಂಥ ಪೆಚ್ಚು. ಗಟಗಟ ಕುಡಿದು, ನಾಲಿಗೆ ಸುಟ್ಟುಕೊಂಡು, ರೆಕಾರ್ಡ್ ಪುಸ್ತಕವನ್ನು ಸರ್ ಮುಂದೆ ಇಟ್ಟಳು. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಸಿಟ್ಟಾಗಲಿಲ್ಲ. ಒಂದು ಬ್ಯಾಚು ಹೀಗಾಗುತ್ತದೆ, ಇವತ್ತಿನದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ, ಈ ಹಾಳೆ ತೆಗೆದು ಬೇರೆ ಬರಿ ಎಂದು, ಮಗುವಿಗೆ ಜ್ವರದ ಮಾತ್ರೆ ನುಂಗಿಸುವ ದನಿಯಲ್ಲಿ ಹೇಳಿದರು. ಸೋಮವಾರ ಇದನ್ನು ಬಾಯಿಬಿಟ್ಟರೆ ಸಾರಾಂಶ ವಾಪಸು ಪಡೆಯಬೇಕು, ಎಲ್ಲ ಮೊದಲಿನಿಂದ ಮಾಡಬೇಕು, ಅವಳ ಡಿಗ್ರಿ ಒಂದು ವರ್ಷ ಹಿಂದಕ್ಕೆ ಹೋಗುತ್ತದೆ ಎಂದೂ ಹೇಳಿದರು.

‘ನಿನ್ನ ಮರ್ಯಾದೆಗೋಸ್ಕರಾನೇ ನಾನು ಮಿಲ್ ಅಂತ ಬರೆದಿದ್ದು ಕಣಮ್ಮಾ,’ ಎಂದರು ಕೊನೆಗೆ. ‘ಮನೇಲಿ ಅಮ್ಮ ಕುಟ್ಟಿದ್ದು ಅಂದ್ರೆ ಜನ ಏನಂದುಕೊಳ್ಳಲ್ಲ?’

ಅವರ ದನಿಯಲ್ಲಿ ನಿಜವಾದ ಕನಿಕರವಿತ್ತು. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಚೊಂಬು ಹಿಡಿದ ಮೇಷ್ಟ್ರ ಮುಖದಲ್ಲೂ ಕನಿಕರವಿತ್ತಲ್ಲ, ನೀರು ಬಿದ್ದದ್ದು ಮಾತ್ರ ಅಷ್ಟು ಎತ್ತರದಿಂದ. ಅಷ್ಟರಲ್ಲಿ ಒಳಕೋಣೆಯ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಸರ್ ತಾಯಿ ಅಂಬುಜಮ್ಮ, ಎಂಬತ್ತು ದಾಟಿದವರು, ಕಿವಿ ಮಾತ್ರ ಚುರುಕು. ಬಂದು ಗೋಡೆಗೆ ಒರಗಿ, ಏನು ಬೆರೆಸಿದ್ದಳಂತೆ ಅವರಮ್ಮ ಎಂದು ವಿಚಾರಿಸಿದರು. ಹಂಸ ದಾಳಿಂಬೆ ಸಿಪ್ಪೆ ಎಂದರು.

‘ಮತ್ತೆ? ಹಾಕದೆ ಕೊಡ್ತಾರೇನು ಒಂಟಿ ತೊಗಟೆನ? ಇವನಿಗೆ ಹಲ್ಲು ಬರೋವಾಗ ತಿಂಗಳುಗಟ್ಟಲೆ ಬಟ್ಟೆ ಒಗೆದಿದೀನಿ. ಕಡೆಗೆ ನಿಂತಿದ್ದು ಆ ಸಿಪ್ಪೆ ತೇಯ್ದು ನೆಕ್ಕಿಸಿದ ಮೇಲೇನೇ.’

ಸರ್ ಕಿವಿ ಕೆಂಪಾಯಿತು. ‘ಅಮ್ಮ, ನೀವು ಒಳಗೆ ಹೋಗಿ ಮಲಕ್ಕೊಳ್ಳಿ,’ ಎಂದರು. ಅಂಬುಜಮ್ಮ ಹೋಗಲಿಲ್ಲ, ಅಲ್ಲೇ ನಿಂತರು. ಇವರೂ ತಮ್ಮ ತಾಯಿಯನ್ನು ಒಳಗೆ ಕಳಿಸುತ್ತಾರೆ, ನಾನೂ ಇಷ್ಟು ದಿನ ಕಳಿಸಿದೆ ಎಂದು ಯಶೋಧರಾಗೆ ಹೊಳೆದದ್ದು ಆಗ. ಎದ್ದು ನಿಂತಳು.

‘ಸರ್, ಕುಟ್ಟಿಸಿಕೊಂಡು ಬಾ ಅಂದಿದ್ದು ನೀವು. ಮಿಲ್ ಅಂತ ಬರೆದಿದ್ದೂ ನೀವು. ಸುಮ್ಮನಿದ್ದಿದ್ದು ನಾನು. ಇವತ್ತಿಂದ ಇರಲ್ಲ. ಸೋಮವಾರ ಎರಡು ಬ್ಯಾಚಿನ ಅಂಕಿಯನ್ನೂ ತೋರಿಸ್ತೀನಿ, ನಮ್ಮವ್ವನ ಹೆಸರನ್ನೂ ಹಾಕ್ತೀನಿ. ಸಹಿ ಮಾಡಿ.’

ಸರ್ ಪೆನ್ನು ಮುಟ್ಟಲಿಲ್ಲ. ಯೋಚನೆ ಮಾಡು ಎಂದರು. ಮಾಡಿಯೇ ಬಂದಿದ್ದೇನೆ ಎಂದಳು. ಅವಳು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಹಂಸ ಬಾಗಿಲವರೆಗೆ ಬಂದು, ಹುಷಾರಾಗಿ ಹೋಗು ಎಂದರು.

ಹಳೇಕೋಟೆಯಲ್ಲಿ ಬಸ್ಸಿಳಿದಾಗ ಇನ್ನೂ ಬಿಸಿಲಿತ್ತು. ಊರ ನಡುವಿನ ದಾರಿಯಲ್ಲೇ ನಡೆದಳು. ಒಂದು ವರ್ಷ ಹೋಯಿತು ಎಂಬುದು ಶಾಲೆಯ ಹುಣಸೆಮರ ದಾಟುವಾಗ ಮೊದಲ ಸಲ ಹೊಟ್ಟೆಗೆ ಇಳಿಯಿತು. ಇಳಿಯಲಿ ಎಂದುಕೊಂಡಳು. ಅವ್ವ ಆಗತಾನೆ ಕೆಲಸದಿಂದ ಬಂದು ಜಗಲಿಯ ಮೇಲೆ ಕೂತಿದ್ದಳು, ಸಾಯಂಕಾಲಕ್ಕೆಂದು ಒಂದು ಬೊಗಸೆ ಶುಂಠಿ ಪಕ್ಕದಲ್ಲಿತ್ತು. ಹೇಳದೆ ಕೇಳದೆ ಬಂದ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಯಶೋಧರಾ ತಕ್ಕಡಿ ತೆಗೆದು ಜಗಲಿಯ ಮೇಲಿಟ್ಟು, ದಾಳಿಂಬೆ ಸಿಪ್ಪೆಯ ಡಬ್ಬಿ ತಂದು, ಆವತ್ತು ಹಾಕಿದ ಹಾಗೆಯೇ ಒಂದು ಹಿಡಿ ತೆಗೆದು ಇದರ ಮೇಲೆ ಇಡು ಎಂದಳು. ಅವ್ವ ಇಟ್ಟಳು. ಮೂವತ್ತಾರು ಗ್ರಾಂ. ಇನ್ನೊಂದು ಸಲ ಎಂದಳು. ಮೂವತ್ತೇಳು. ಮೂರನೆಯ ಸಲ ಮತ್ತೆ ಮೂವತ್ತಾರು. ಲ್ಯಾಬಿನಲ್ಲಿ ಚಮಚ ಹಿಡಿದು ತೂಗುವ ಹುಡುಗರ ಕೈಗೂ ಇಷ್ಟು ನಿಖರತೆ ಇರಲಿಲ್ಲ. ಬರೆದುಕೊಂಡಳು. ಎಷ್ಟು ಸಲ ಒರಳು ತುಂಬಿದೆ ಎಂದಳು. ಐದು ಎಂದಳು ಅವ್ವ, ಯೋಚಿಸದೆ. ಅದನ್ನೂ ಬರೆದುಕೊಂಡಳು. ಆಮೇಲೆ ಬೆಳಗಿನಿಂದ ಕೇಳಲಾಗದಿದ್ದದ್ದನ್ನು ಕೇಳಿದಳು.

‘ಕಾಲೇಜ್ಗೆ ಅಂತ ಏಳಿದ್ನಲ್ಲವ್ವ. ಯಾಕ್ ಬೆರೆಸ್ದೆ?’

ಅವ್ವ ಡಬ್ಬಿಯ ಮುಚ್ಚಳ ಹಾಕುತ್ತಾ, ಮಗಳ ಮುಖ ನೋಡಲಿಲ್ಲ.

‘ನಿಂಗೇ ಆಗೈತೆ ಅಂದ್ಕಂಡೆ ಕಣವ್ವ. ಆಸ್ಟೆಲ್ ಊಟ ಇಡಿಸ್ಲಿಲ್ವೇನೋ, ನಾಚ್ಕಂಡು ಕಾಲೇಜ್ಗೆ ಅಂತ ಏಳ್ತಾವ್ಳೆ ಅಂತ. ಇಸ್ಕೂಲಲ್ ಆದಾಗ್ಲಿಂದ ನೀನು ಒಟ್ಟೆನೋವು ಅಂತ ಒಂದ್ ದಿನಾನೂ ಬಾಯ್ಬುಟ್ಟವಳಲ್ಲ. ಆವಾಗ್ಲೂ ಇದೇ ಸಿಪ್ಪೇಲೇ ನಿಂತಿದ್ದು.’

ಯಶೋಧರಾ ಪೆನ್ನು ಕೆಳಗಿಟ್ಟಳು. ಕಣ್ಣು ತುಂಬಿ ಬಂದದ್ದನ್ನು ಒರೆಸಿಕೊಳ್ಳುವುದಕ್ಕೂ ಹೋಗಲಿಲ್ಲ. ತಾನು ಮುಚ್ಚಿಟ್ಟದ್ದೇ ಮೊದಲ ತಪ್ಪು, ಅವ್ವನದಲ್ಲ, ಒರಳಿನದಲ್ಲ. ಹೇಳಿಬಿಟ್ಟಳು: ನನಗಲ್ಲ ಅವ್ವ, ಇಲಿಗೆ. ಇಲಿಗಳಿಗೆ ಭೇದಿ ಮಾಡಿಸಿ ಎಣಿಸುತ್ತೇನೆ. ಆಮೇಲೆ ಕೊಂದೆ, ನಾನೇ, ನನ್ನ ಕೈಯಲ್ಲೇ. ಅಪ್ಪನ ಜೊತೆ ಕೂತು ಪಂಚಶೀಲ ಹೇಳಿದ ವಾರವೇ. ಅವ್ವ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. ಎಷ್ಟು ಎಂದು ಕೇಳಿದಳು. ಇಪ್ಪತ್ತನಾಲ್ಕು ಎಂದಳು ಮಗಳು.

‘ಅದ್ನೂ ಬರಿ,’ ಎಂದಳು ಲಕ್ಷ್ಮಿದೇವಮ್ಮ. ‘ಸತ್ತಿದ್ದು ಯಾತುಕ್ಕೆ ಅಂತ ನಾಕ್ ಜನುಕ್ಕೆ ಗೊತ್ತಾಗ್ಲಿ. ಬಚ್ಚಿಟ್ರೆ ಇನ್ನೊಂದ್ಸಲ ಸಾಯಿಸ್ದಂಗೆ.’

ಕಾರಣ ಎಂದು ಬರೆದು ಖಾಲಿ ಬಿಟ್ಟಿದ್ದ ಎರಡು ಸಾಲಿನಲ್ಲಿ ಅವಳು ಬರೆದಳು: ವಿದ್ಯಾರ್ಥಿನಿಯು ಪರೀಕ್ಷೆಯ ವಿಷಯವನ್ನು ತಾಯಿಗೆ ಹೇಳಿರಲಿಲ್ಲ. ತಾಯಿಯು ಮಗಳಿಗೇ ಭೇದಿಯಾಗಿದೆ ಎಂದು ತಿಳಿದಿದ್ದರು. ಇಪ್ಪತ್ತನಾಲ್ಕು ಇಲಿಗಳನ್ನೂ ಅಂಚಿನಲ್ಲಿ ಸೇರಿಸಿದಳು. ಪುಟದ ಕೆಳಗೆ ಮಾರ್ಗದರ್ಶಕರ ಸಹಿಗೆಂದು ಅಚ್ಚು ಹಾಕಿದ ಚೌಕ ಖಾಲಿಯಿತ್ತು. ಅದರ ಎಡಕ್ಕೆ ಅವಳು ಸ್ಕೇಲಿಟ್ಟು ಹೊಸದೊಂದು ಗೆರೆ ಎಳೆದು, ‘ಪುಡಿ ಮಾಡಿದವರು’ ಎಂದು ಬರೆದು, ಪೆನ್ನನ್ನು ಅವ್ವನ ಮುಂದೆ ಹಿಡಿದಳು. ಇದ್ಯಾಕೆ ಎಂದಳು ಅವ್ವ. ಸೋಮವಾರ ಎಲ್ಲರಿಗೂ ತೋರಿಸುವುದಕ್ಕೆ ಎಂದಳು ಮಗಳು. ಲಕ್ಷ್ಮಿದೇವಮ್ಮ ಶುಂಠಿಯ ಮಣ್ಣು ಹತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮಕ್ಕಳ ಕಾಪಿ ಪುಸ್ತಕ ನೋಡಿ ಕಲಿತಿದ್ದ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ, ದೊಡ್ಡದಾಗಿ ಬರೆಯತೊಡಗಿದಳು. ಗೆರೆ ಸಾಲಲಿಲ್ಲ. ಕಡೆಯ ಎರಡು ಅಕ್ಷರ ಪಕ್ಕದ ಮಾರ್ಗದರ್ಶಕರ ಚೌಕದೊಳಕ್ಕೆ ಹೋಗಿ ಕೂತವು. ತಪ್ಪಾಯಿತೇನೋ ಎಂದು ಅವ್ವ ಕೈ ಎತ್ತಿದಳು. ಇಲ್ಲ, ಅಲ್ಲೇ ಇರಲಿ ಎಂದಳು ಯಶೋಧರಾ.